ಅಂತರಪಟಕ್ಕೆ ಸುಣ್ಣ

ವಾದಿರಾಜನಿಗೆ ಆ ಹೆಸರಿಟ್ಟವರು ಯಾರೋ, ಅವರ ಬಾಯಿಗೆ ಸಕ್ಕರೆ ಹಾಕಬೇಕು. ಅವನು ವಾದಕ್ಕೆ ನಿಂತರೆ ಎದುರಿಗಿದ್ದವರು ಸೋಲಲೇಬೇಕು. ಅವನ ಮಾತು ಸರಿ ಇರುತ್ತಿತ್ತು ಅಂತಲ್ಲ, ಎದುರಿಗಿದ್ದವರಿಗೆ ಮನೆಯಲ್ಲಿ ಬೇರೆ ಕೆಲಸ ಇರುತ್ತಿತ್ತು. ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಯೊಂದರಲ್ಲಿ ಪ್ರೂಫ್ ತಿದ್ದುವುದು ಅವನ ಉದ್ಯೋಗ. ಊರವರ ಮದುವೆಯ ತಪ್ಪುಗಳನ್ನೆಲ್ಲ ಕೆಂಪು ಪೆನ್ನಿನಲ್ಲಿ ತಿದ್ದಿ ತಿದ್ದಿ, ಈ ಜಗತ್ತಿನಲ್ಲಿ ತಾನು ತಿದ್ದಲಾಗದ್ದು ಯಾವುದೂ ಇಲ್ಲ ಎಂಬ ನಂಬಿಕೆ ಅವನಲ್ಲಿ ಬೇರು ಬಿಟ್ಟಿತ್ತು. ಸಾಲದ್ದಕ್ಕೆ ಈಚೆಗೆ ಮೊಬೈಲಿನಲ್ಲಿ ಅಜ್ಜಿಯರ ಮನೆಮದ್ದಿನ ವೀಡಿಯೊ ನೋಡುವ ಚಟ ಬೇರೆ ಅಂಟಿಕೊಂಡಿತ್ತು. ಹಲ್ಲಿಗೆ ಇದ್ದಿಲು, ಚೊಂಬಿಗೆ ಹುಣಸೆಹಣ್ಣು, ಬೋಳುತಲೆಗೆ ಈರುಳ್ಳಿ ರಸ. ಈರುಳ್ಳಿ ರಸದ ಪ್ರಯೋಗ ನಡೆದ ವಾರ ಮೆಟ್ರೋದಲ್ಲಿ ಅವನಿಗೆ ದಿನಾ ಸೀಟು ಸಿಗುತ್ತಿತ್ತು, ಅಕ್ಕಪಕ್ಕದ ಎರಡು ಸೀಟೂ ಖಾಲಿ ಇರುತ್ತಿದ್ದವು.

ಇಂಥವನ ಕೈಗೆ ಹೆಂಡತಿ ಮಾಧವಿ ಅಂತರಪಟ ಕೊಟ್ಟಳು.

ಮುಹೂರ್ತದವರೆಗೆ ಹುಡುಗ ಹುಡುಗಿ ಒಬ್ಬರ ಮುಖ ಒಬ್ಬರು ನೋಡದ ಹಾಗೆ ನಡುವೆ ಹಿಡಿಯುತ್ತಾರಲ್ಲ, ಆ ಬಿಳಿಯ ತೆರೆ. ಮಾಧವಿಯ ತವರಿನಲ್ಲಿ ಅದು ಬರಿಯ ಬಟ್ಟೆಯಲ್ಲ. ಅವಳ ಅಜ್ಜಿಯ ಮದುವೆಯಿಂದ ಹಿಡಿದು ಎಲ್ಲರ ಮದುವೆಗೂ ಅದೇ ತೆರೆ. ಅದರ ಮರೆಯಲ್ಲಿ ನಿಂತ ಯಾವ ಜೋಡಿಯೂ ಈವರೆಗೆ ಬೇರೆಯಾಗಿಲ್ಲ. ಮಾತು ಬಿಟ್ಟಿದ್ದಾರೆ, ತಟ್ಟೆ ಎಸೆದಿದ್ದಾರೆ, ಒಬ್ಬರಂತೂ ಬರೀ ಸನ್ನೆಯಲ್ಲೇ ಸಂಸಾರ ಮಾಡಿದ್ದಾರೆ. ಬೇರೆ ಮಾತ್ರ ಆಗಿಲ್ಲ. ಮಾಧವಿಯ ತಾಯಿ ಇಂದಿರಾಬಾಯಿ ಕಣ್ಣು ಮುಚ್ಚುವ ಮುಂಚೆ ಅದನ್ನು ಮಗಳ ಕೈಗಿಟ್ಟು, "ನಿನ್ನ ಹತ್ರಾನೇ ಇಟ್ಕೋ ಕಣೇ" ಅಂದಿದ್ದರು. ಮಾಧವಿಯ ತಮ್ಮ ಪ್ರಹ್ಲಾದನ ಹೆಂಡತಿ ರಂಜಿನಿಗೆ ಅಂದಿನಿಂದ ಹೊಟ್ಟೆಯಲ್ಲಿ ಕೆಂಡ. "ಮನೆ ಸೊಸೆ ನಾನಿರೋವಾಗ ಮನೆ ತೆರೆ ಬೇರೆ ಮನೇಲಿ ಯಾಕಿರ್ಬೇಕಪ್ಪಾ?" ಎಂದು ಕಂಡವರ ಮುಂದೆಲ್ಲ ಹೇಳುತ್ತಿದ್ದಳು.

ಈಗ ರಂಜಿನಿಯ ಮಗಳು ಶರಣ್ಯಳಿಗೇ ಶುಕ್ರವಾರ ಮದುವೆ. ಸೋಮವಾರ ಸಂಜೆ ಮಾಧವಿ ಟ್ರಂಕು ತೆಗೆದರೆ ಅಂತರಪಟ ಹಳದಿಯಾಗಿ ಕೂತಿತ್ತು. ಹುಳ ಬೀಳದಿರಲಿ ಎಂದು ಮಡಿಕೆಗಳ ನಡುವೆ ಅವಳೇ ಅರಿಶಿನದ ಕೊಂಬುಗಳನ್ನಿಟ್ಟಿದ್ದಳು. ಹುಳ ಬಿದ್ದಿರಲಿಲ್ಲ. ಆದರೆ ಮಳೆಗಾಲದಲ್ಲಿ ಸೋರಿದ ನೀರು ಟ್ರಂಕಿಗಿಳಿದು ಕೊಂಬುಗಳೆಲ್ಲ ನೆನೆದು, ಬಟ್ಟೆಗೂ ಒಂದು ಅರಿಶಿನದ ಶಾಸ್ತ್ರ ಮುಗಿಸಿದ್ದವು.

"ರಂಜಿನಿ ಇದನ್ನ ನೋಡಿದ್ರೆ ಮುಗೀತು" ಎಂದಳು ಮಾಧವಿ. ಅವಳ ದನಿ ಕುಗ್ಗಿತ್ತು. "ಇಟ್ಕೊಳ್ಳೋ ಯೋಗ್ಯತೆ ಇಲ್ಲ ಅಂತ ಕಿತ್ಕೊಂಡೇ ಹೋಗ್ತಾಳೆ. ಅಮ್ಮ ನಂಬಿ ಕೊಟ್ಟಿದ್ದು ಕಣ್ರೀ. ನಾಳೆ ಬೆಳಿಗ್ಗೆ ಡ್ರೈಕ್ಲೀನಿಂಗ್‌ಗೆ ಕೊಟ್ಬಿಡಿ. ನೀವಾಗಿ ಏನೂ ಮಾಡ್ಬೇಡಿ."

ಕೊನೆಯ ವಾಕ್ಯವೊಂದನ್ನು ಅವಳು ಹೇಳದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ನಿಮ್ಮಜ್ಜಿ ಬಟ್ಟೇನ ತಗೊಂಡೋಗಿ ಕೆಮಿಕಲ್ಲಲ್ಲಿ ಅದ್ದೋದಾ?" ವಾದಿರಾಜ ಎದ್ದು ನಿಂತೇಬಿಟ್ಟ. "ಪ್ರಕೃತಿ ಕೊಟ್ಟಿರೋ ಕಲೆಗೆ ಪ್ರಕೃತಿನೇ ಔಷಧಿ ಇಟ್ಟಿರ್ತಾಳೆ ಕಣೇ!"

"ಪ್ರಕೃತಿ ಪಾಡಿಗೆ ಪ್ರಕೃತಿ ಇರ್ಲಿ. ನೀವು ಡ್ರೈಕ್ಲೀನಿಂಗ್‌ಗೆ ಕೊಡಿ."

ಮಂಗಳವಾರ ಬೆಳಿಗ್ಗೆ ಮಾಧವಿ ಮದುವೆ ಕೆಲಸಕ್ಕೆ ಚಾಮರಾಜಪೇಟೆಯ ತಮ್ಮನ ಮನೆಗೆ ಹೊರಟಳು. ಆಟೋ ಬಾಗಿಲಿಗೆ ಬಂದಿತ್ತು. "ನಾನು ಹೇಳಿದ್ದು ಜ್ಞಾಪಕ ಇರ್ಲಿ. ಹೋಗ್ತೀನಿ" ಎಂದಳು.

"ಹೋಗ್ತೀನಿ ಅನ್ಬಾರ್ದು ಕಣೇ. ಬರ್ತೀನಿ ಅನ್ಬೇಕು" ಎಂದು ವಾದಿರಾಜ ತಿದ್ದಿದ.

"ಹೋಗ್ತೀನಿ!" ಎಂದು ಮಾಧವಿ ಇನ್ನೂ ಗಟ್ಟಿಯಾಗಿ ಹೇಳಿ ಹೋದಳು.

ಅವರಿದ್ದದ್ದು ಬಸವನಗುಡಿಯ ಹಳೆಯ ಮನೆಯೊಂದರ ಮಹಡಿಯಲ್ಲಿ. ಮೇಲೆ ತಾರಸಿ, ಕೆಳಗೆ ಓನರ್ ಮಾಯಣ್ಣ ಮತ್ತು ಅವನ ತಾಯಿ ಮುನಿಯಮ್ಮ. ಆಟೋ ತಿರುವು ದಾಟಿದ್ದೇ ತಡ, ವಾದಿರಾಜ ಗಾಂಧಿಬಜಾರಿಗೆ ಹೋಗಿ ಒಂದು ಚೀಲ ನಿಂಬೆಹಣ್ಣು ತಂದು ತಾರಸಿ ಏರಿದ. ಮೊದಲು ನಿಂಬೆರಸ ಹಿಂಡಿದ. ಅಂತರಪಟ ಕದಲಲಿಲ್ಲ. ಉಪ್ಪು ಸೇರಿಸಿ ತಿಕ್ಕಿದ. ಅಂಟುವಾಳದ ನೊರೆ ಎಬ್ಬಿಸಿದ. ಅನ್ನದ ಗಂಜಿ ಎರೆದ. ನಿಂಬೆಹೋಳುಗಳು ಸುತ್ತಲೂ ಗುಡ್ಡೆ ಬಿದ್ದವು, ಬಟ್ಟೆ ಮಾತ್ರ ಚಿತ್ರಾನ್ನದ ಬಣ್ಣದಲ್ಲಿ ಹಾಯಾಗಿತ್ತು.

ಆಗ ಅವನ ಕಣ್ಣು ತಾರಸಿಯ ಗೋಡೆಯ ಮೇಲೆ ಬಿತ್ತು. ಮೊನ್ನೆ ತಾನೇ ಮಾಯಣ್ಣ ಸುಣ್ಣ ಹೊಡೆಸಿದ್ದ ಗೋಡೆ, ಬೆಳ್ಳಗೆ ಹೊಳೆಯುತ್ತಿತ್ತು. ಗೋಡೆಯನ್ನು ಬೆಳ್ಳಗೆ ಮಾಡುವುದು ಯಾವುದು? ಸುಣ್ಣ. ಗೋಡೆಗಾಗುವುದು ಬಟ್ಟೆಗೆ ಯಾಕಾಗಬಾರದು? ಇಷ್ಟು ಸರಳವಾದ ವಿಷಯ ಇಷ್ಟು ದಿನ ಯಾವ ಅಜ್ಜಿಗೂ ಹೊಳೆಯಲಿಲ್ಲವಲ್ಲ ಎಂದು ಅವನಿಗೆ ಅಜ್ಜಿಯರ ಮೇಲೆ ಮರುಕವೇ ಹುಟ್ಟಿತು.

ಮುನಿಯಮ್ಮ ಕೆಳಗೆ ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು.

"ಮುನಿಯಮ್ಮನವರೇ, ಸ್ವಲ್ಪ ಸುಣ್ಣ ಇದ್ರೆ ಕೊಡ್ತೀರಾ?"

"ಸುಣ್ಣ ಯಾಕ್ ಐನೋರೆ? ನೀವು ಎಲೆ ಹಾಕಾಕಿಲ್ವಲ್ಲ."

"ಒಂದು ಗುಟ್ಟಿನ ಕೆಲಸಕ್ಕೆ" ಎಂದ ವಾದಿರಾಜ, ಮನೆಮದ್ದು ಎಂದರೆ ಸೂತ್ರ ಕದ್ದುಬಿಡುತ್ತಾರೆ ಎಂಬ ಭಯದಿಂದ. ಮುನಿಯಮ್ಮ ಅವನ ಮುಖ ಒಂದು ಸಲ, ಕೈಯಲ್ಲಿದ್ದ ನಿಂಬೆಹೋಳನ್ನೊಂದು ಸಲ ನೋಡಿ, ಸುಮ್ಮನೆ ಒಳಗೆ ಹೋಗಿ ಒಂದು ಬಟ್ಟಲು ಸುಣ್ಣ ತಂದುಕೊಟ್ಟರು.

ಸುಣ್ಣ ಬಕೆಟ್ಟಿಗೆ ಬಿತ್ತು. ವಾದಿರಾಜ ಕೈ ಹಾಕಿ ಒಂದು ಸುತ್ತು ತಿರುವಿದ. ನೀರು ಕೆಂಪಾಯಿತು. ಇನ್ನೊಂದು ಸುತ್ತು ತಿರುವಿದ. ಕಡುಗೆಂಪಾಯಿತು. ಎತ್ತಿ ನೋಡಿದರೆ ಅಂತರಪಟ ರಕ್ತದಲ್ಲಿ ಅದ್ದಿ ತೆಗೆದ ಹಾಗೆ ತೊಟ್ಟಿಕ್ಕುತ್ತಿತ್ತು. ನಿಂಬೆಹಣ್ಣು ಕೊಯ್ಯುವಾಗ ಕೈ ಕೊಯ್ದುಕೊಂಡೆನೇ ಎಂದು ಬೆರಳೆಲ್ಲ ಎಣಿಸಿದ. ಎಲ್ಲ ಇದ್ದವು. "ಅಯ್ಯೋ ನನ್ನ ಕರ್ಮವೇ!" ಎಂದು ಹಾರಿಬಿದ್ದು, ಆ ರಭಸಕ್ಕೆ ಬಕೆಟ್ಟನ್ನು ಒದ್ದ. ಕೆಂಪು ನೀರು ಇಡೀ ತಾರಸಿ ಹರಿದು, ಹೋಳುಗಳನ್ನೂ ತೇಲಿಸಿಕೊಂಡು, ಮಳೆನೀರಿನ ದೋಣಿಯಿಂದ ಕೆಳಗಿನ ಅಂಗಳಕ್ಕೆ ಸುರಿಯಿತು.

ಅಂಗಳದಲ್ಲಿ ಮಾಯಣ್ಣ ಫೋಟೋ ತೆಗೆಸಿಕೊಳ್ಳುತ್ತಿದ್ದ. ಸೈಟು ವ್ಯಾಪಾರದಲ್ಲಿ ಕೈ ತುಂಬಿದ ಮೇಲೆ ಅವನಿಗೆ ಜನಸೇವೆಯ ಹಂಬಲ ಹತ್ತಿತ್ತು, ಬರುವ ಎಲೆಕ್ಷನ್ನಿಗೆ ನಿಲ್ಲುವವನಿದ್ದ. ಬಿಳಿ ಶರ್ಟು, ಬಿಳಿ ಪ್ಯಾಂಟು, ಬಿಳಿ ಶೂ, ಮುಗಿದ ಕೈ, ಮುಖದಲ್ಲಿ ನಾಡಿನ ಚಿಂತೆ. ಫ್ಲೆಕ್ಸಿಗೆಂದು ಕ್ಯಾಮೆರಾ ಕ್ಲಿಕ್ಕೆನ್ನುವುದಕ್ಕೂ ಮೇಲಿಂದ ಅಭಿಷೇಕ ಆಗುವುದಕ್ಕೂ ಸರಿಹೋಯಿತು. ಹಿಂದೆಯೇ ನಿಂಬೆಹೋಳುಗಳು ಟಪಟಪನೆ ತಲೆಯ ಮೇಲೆ ಉದುರಿದವು.

"ರಕ್ತಾ! ನಿಂಬೆಹಣ್ಣು! ಅಮ್ಮೋ, ಇವತ್ತು ಮಂಗಳವಾರ ಬೇರೆ!" ಮಾಯಣ್ಣ ಕುಣಿದಾಡಿಬಿಟ್ಟ. "ನಂಗೆ ಟಿಕೆಟ್ ತಪ್ಸೋಕೆ ಯಾರೋ ಐನೋರ ಕೈಲಿ ಮಾಟ ಮಾಡ್ಸವ್ರೆ ಕಣಮ್ಮೋ!"

"ಸುಣ್ಣನೂ ಇಸ್ಕಂಡೋದ್ರು ಕಣ್ಲಾ" ಎಂದರು ಮುನಿಯಮ್ಮ ಎಲೆ ಜಗಿಯುತ್ತ. "ಗುಟ್ಟಿನ ಕೆಲ್ಸ ಅಂದ್ರು."

ಉರಿಯುವ ಬೆಂಕಿಗೆ ತುಪ್ಪ ಬಿತ್ತು. ಮಾಯಣ್ಣ ಪೊಲೀಸರಿಗೆ ಫೋನ್ ಮಾಡಿದ. ಹೆಡ್ ಕಾನ್‌ಸ್ಟೇಬಲ್ ಅಂಜನಪ್ಪ ಬರುವ ಹೊತ್ತಿಗೆ ಬೀದಿಗೆ ಬೀದಿಯೇ ಗೇಟಿನ ಮುಂದೆ ಸೇರಿತ್ತು. ಎದುರುಮನೆಯವರು ಕುರ್ಚಿ ತಂದು ಹಾಕಿಕೊಂಡಿದ್ದರು. ಅಂಜನಪ್ಪ ಹೋಳುಗಳನ್ನು ಪ್ಲಾಸ್ಟಿಕ್ ಕವರಿಗೆ ತುಂಬಿಕೊಂಡು, ಮಾಯಣ್ಣನನ್ನು ಹಿಂದಿಟ್ಟುಕೊಂಡು ತಾರಸಿ ಹತ್ತಿದ. ಅಲ್ಲಿ ವಾದಿರಾಜ ಮೊಣಕೈವರೆಗೂ ಕೆಂಪಾಗಿ, ಕೆಂಪು ಬಟ್ಟೆಯನ್ನು ಎದೆಗವಚಿಕೊಂಡು ನಿಂತಿದ್ದ.

"ಯಾರದ್ರೀ ರಕ್ತ ಇದು?"

"ರಕ್ತ ಅಲ್ಲ ಸಾರ್."

"ಮತ್ತೇನು?"

ಹುಟ್ಟಿದಾಗಿನಿಂದ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ವಾದಿರಾಜ ಎದುರಿಸಿದ್ದೇ ಇಲ್ಲ. "ಬೆಳ್ಳಗೆ ಮಾಡೋ ನೀರು ಸಾರ್" ಎಂದ.

ಅಂಜನಪ್ಪ ನೆಲ ನೋಡಿದ, ಬಕೆಟ್ಟು ನೋಡಿದ, ಮಾಯಣ್ಣನ ಶರ್ಟು ನೋಡಿದ. "ಬೆಳ್ಳಗೆ?" ಎಂದ. ಆಮೇಲೆ, "ಮನೇಲಿ ಇನ್ಯಾರಿದಾರೆ?"

"ನಾನು, ನನ್ನ ಹೆಂಡ್ತಿ. ಅವಳು ಬೆಳಿಗ್ಗೆ ಹೋದ್ಲು."

ಅಂಜನಪ್ಪ ಟೋಪಿ ತೆಗೆದ. "ಹೋದ್ರಾ?"

"ಹೋದ್ಲು ಸಾರ್. ನಾನು ಹೇಳ್ದೆ, ಹೋಗ್ತೀನಿ ಅನ್ಬೇಡ ಕಣೇ ಅಂತ. ಕೇಳ್ಲಿಲ್ಲ. ಹೋಗೇಬಿಟ್ಲು."

"ಏನಾಗಿತ್ತು?"

"ಈ ಬಟ್ಟೆ ವಿಷಯಕ್ಕೆ ಇಬ್ಬರಿಗೂ ಸ್ವಲ್ಪ ಮಾತಾಯ್ತು."

"ಹೆಂಗೆ ಹೋದ್ರು?"

"ಆಟೋದಲ್ಲಿ."

"ಅಯ್ಯಪ್ಪಾ! ಬಾಡೀನ ಆಟೋದಲ್ಲಿ ಸಾಗಿಸ್ಬಿಟ್ರೇನ್ರೀ!" ಎಂದು ಅಂಜನಪ್ಪ ಕೂಗಿದ. ಕೆಳಗಿನ ಜನಕ್ಕೆ ಬೇಕಾಗಿದ್ದೂ ಅಷ್ಟೇ. "ಮಾಧವಿಯಮ್ಮನ್ನ ತುಂಡು ಮಾಡಿ ಆಟೋದಲ್ಲಿ ಹಾಕ್ಬಿಟ್ನಂತೆ" ಎಂದು ಗೇಟಿನಿಂದ ಹೊರಟ ಸುದ್ದಿ ಬೀದಿಯ ಕೊನೆಗೆ ಹೋಗುವಷ್ಟರಲ್ಲಿ ಆಟೋ ಲಾರಿಯಾಗಿತ್ತು.

"ಬದುಕಿದಾಳೆ ಸಾರ್! ಚಾಮರಾಜಪೇಟೇಲಿ ಚಕ್ಕುಲಿ ಮಾಡ್ತಿದಾಳೆ!"

"ಹಂಗಾದ್ರೆ ವೀಡಿಯೊ ಕಾಲ್ ಮಾಡಿ. ಮುಖ ತೋರಿಸಿ."

ವಾದಿರಾಜ ಜೇಬಿನ ಫೋನನ್ನು ಕೈಯಿಂದ ಮುಚ್ಚಿಕೊಂಡ. ಕೊಲೆಗಾರ ಎನ್ನಿಸಿಕೊಂಡರೂ ಒಂದು ಪಕ್ಷ ತಡೆದುಕೊಳ್ಳಬಹುದು, ಈ ಬಟ್ಟೆಯ ಜೊತೆ ಮಾಧವಿಯ ಕಣ್ಣಿಗೆ ಬೀಳುವುದು ಹೇಗೆ? ಆದರೆ ಅಂಜನಪ್ಪ ತಾನೇ ಫೋನು ಕಿತ್ತುಕೊಂಡು ಒತ್ತಿದ. ಹಿಟ್ಟಿನ ಕೈಯಲ್ಲಿ ಮಾಧವಿ ಎತ್ತಿದಳು. ಅವಳ ಭುಜದ ಹಿಂದೆ ರಂಜಿನಿಯ ಮುಖವೂ ಇತ್ತು.

"ರೀ, ಯಾರದು ನಿಮ್ಮ ಪಕ್ಕದಲ್ಲಿ?"

"ಪೊಲೀಸ್ ಕಣೇ."

"ಅಯ್ಯೋ! ಕೈಲೇನ್ರೀ ಅದು ಕೆಂಪಗೆ?"

"ಅಂತರಪಟ."

ಆ ಕಡೆ ಚಕ್ಕುಲಿ ತಟ್ಟೆ ನೆಲಕ್ಕೆ ಬಿದ್ದ ಸದ್ದು ಕೇಳಿಸಿತು. ಅದರ ಮೇಲೆ ರಂಜಿನಿಯ ದನಿ: "ಅಕ್ಕಾ! ನಮ್ಮ ತೆರೆಗೆ ಏನ್ ಮಾಡ್ಬಿಟ್ರು ಭಾವ!" ಫೋನು ಕಟ್ಟಾಯಿತು. ಹೊರಟಿರುತ್ತಾರೆ ಎಂದು ವಾದಿರಾಜನಿಗೆ ಗೊತ್ತಾಯಿತು. ಗಾಬರಿಯಲ್ಲಿ ದಾರಿ ಕಾಣದೆ, ಚೀಲದಲ್ಲಿ ಉಳಿದಿದ್ದ ನಿಂಬೆಹಣ್ಣನ್ನೆಲ್ಲ ಬಟ್ಟೆಯ ಮೇಲೆ ಹಿಂಡತೊಡಗಿದ.

ರಸ ಬಿದ್ದಲ್ಲೆಲ್ಲ ಕೆಂಪು ಓಡಿಹೋಯಿತು. ಕಣ್ಣೆದುರಿಗೇ ಅಂತರಪಟ ಮತ್ತೆ ಹಳದಿಯಾಯಿತು.

ಅಂಜನಪ್ಪ ಎರಡು ಹೆಜ್ಜೆ ಹಿಂದೆ ಸರಿದು, ಗೋಡೆಗೆ ಬೆನ್ನು ತಾಗಿದ ಮೇಲೆ ಕೈ ಮುಗಿದ. "ಸ್ವಾಮಿ, ತಪ್ಪಾಯ್ತು. ಗೊತ್ತಾಗ್ಲಿಲ್ಲ. ನನ್ನ ಟ್ರಾನ್ಸ್‌ಫರ್ ವಿಷಯ ಒಂಚೂರು ನೋಡಿ."

ಮಾಯಣ್ಣ ಒದ್ದೆ ಶರ್ಟಿನಲ್ಲೇ ಕಾಲಿಗೆ ಬಿದ್ದ. "ಐನೋರೆ, ಮನೆ ಬಾಡಿಗೆ ಮಾತು ಇನ್ಮೇಲೆ ಎತ್ತಲ್ಲ. ಮಾಟ ಯಾರು ಮಾಡ್ಸುದ್ರೋ ಅವರಿಗೇ ತಿರುಗಿಸ್ಬಿಡಿ!"

ಇಲ್ಲಿ ಒಬ್ಬ ಮನುಷ್ಯ ನಿಜ ಹೇಳಬೇಕಿತ್ತು. ಆದರೆ ತನ್ನ ಮಾತಿಗೆ ಎದುರಾಡದೆ ಇಬ್ಬರು ಕೈಮುಗಿದು ನಿಂತಿದ್ದನ್ನು ವಾದಿರಾಜ ಈ ಜನ್ಮದಲ್ಲಿ ಕಂಡಿರಲಿಲ್ಲ. ಅವನ ಮುಖ ಗಂಭೀರವಾಯಿತು. "ಪ್ರಕೃತಿಯಲ್ಲಿ ಎಲ್ಲದಕ್ಕೂ ಪರಿಹಾರ ಇದೆಯಪ್ಪಾ" ಎಂದು ನಿಂಬೆಹೋಳನ್ನು ಮೇಲೆತ್ತಿದ. ಅದೇ ಹೊತ್ತಿಗೆ ಮೆಟ್ಟಿಲ ಮೇಲೆ ಮಾಧವಿ ಕಾಣಿಸಿಕೊಂಡಳು. ಹಿಂದೆ ರಂಜಿನಿ, ಅವಳ ಹಿಂದೆ ಪ್ರಹ್ಲಾದ. ಮೇಲೆತ್ತಿದ ಕೈ ತಾನಾಗಿ ಕೆಳಗಿಳಿಯಿತು.

ಮಾಧವಿ ಬಟ್ಟೆ ನೋಡಿದಳು, ನೆಲದ ಮೇಲಿನ ಕೆಂಪು ನೋಡಿದಳು. "ಸುಣ್ಣ ಹಾಕಿದ್ರಾ?" ಎಂದಳು.

"ಗೋಡೆ ಬೆಳ್ಳಗಾಗತ್ತಲ್ಲ ಅಂತ..."

"ಅರಿಶಿನಕ್ಕೆ ಸುಣ್ಣ ಬಿದ್ರೆ ಕೆಂಪಾಗ್ದೆ ಇನ್ನೇನಾಗತ್ರೀ? ಮದುವೆ ದಿನ ನಮ್ಮನೆ ಬಾಗ್ಲಲ್ಲಿ ನಿಮಗೆ ಆರತಿ ಎತ್ತಿದ್ರಲ್ಲ, ಆ ನೀರು ಯಾತರದ್ದು ಅಂದ್ಕೊಂಡಿದ್ರಿ?"

"ಕುಂಕುಮದ ನೀರು ಅಂದ್ಕೊಂಡಿದ್ದೆ."

"ನಂಗಾಗ್ಲೇ ಗೊತ್ತಿತ್ತು" ಎಂದರು ಕೆಳಗಿನಿಂದ ಮುನಿಯಮ್ಮ. "ನನ್ನ ಯಾರ್ ಕೇಳುದ್ರು?"

ಬೀದಿಯ ಜನ ಕೊಲೆಯೂ ಇಲ್ಲ, ಮಾಟವೂ ಇಲ್ಲ ಎಂದು ಬೇಸರಪಟ್ಟುಕೊಂಡು ಚದುರಿದರು. ಅಂಜನಪ್ಪ ನಿಂಬೆಹೋಳಿನ ಕವರನ್ನು ಮೆಲ್ಲನೆ ಅಲ್ಲೇ ಬಿಟ್ಟು ಹೋದ. ಮಾಯಣ್ಣ ಬಾಡಿಗೆಯ ಮಾತನ್ನು ಆ ಕ್ಷಣವೇ ವಾಪಸು ತೆಗೆದುಕೊಂಡ. ರಂಜಿನಿ ಮಾತ್ರ ಅಲ್ಲಾಡಲಿಲ್ಲ.

"ನೋಡಿ ಅಕ್ಕ, ಬೇಜಾರ್ ಮಾಡ್ಕೋಬೇಡಿ. ಮದುವೆ ಮುಗಿದ ಮೇಲೆ ತೆರೆ ನಾನು ತಗೊಂಡೋಗ್ತೀನಿ. ಬೀರುನಲ್ಲಿ ಭದ್ರವಾಗಿರತ್ತೆ. ಏನ್ರೀ?"

ಪ್ರಹ್ಲಾದ ಅಕ್ಕನ ಮುಖ ನೋಡಲಾರದೆ ನೆಲ ನೋಡಿದ. ಅವರು ಹೋದ ಮೇಲೆ ಮಾಧವಿ ತೊಳೆಯುವ ಕಲ್ಲಿನ ಪಕ್ಕ ಕೂತು, ಸೆರಗು ಬಾಯಿಗೊತ್ತಿಕೊಂಡು ಅತ್ತಳು. ವಾದಿರಾಜ ಸಮಾಧಾನ ಮಾಡಲು ಹೋಗಿ, "ವಿನೆಗರ್ ಹಾಕಿದ್ರೆ ಒಂದು ಸಲ..." ಎಂದ. ಅವಳು ನೋಡಿದ ನೋಟಕ್ಕೆ ಮಿಕ್ಕ ಮಾತು ಗಂಟಲಲ್ಲೇ ಉಳಿಯಿತು.

ಮಾಧವಿ ಬಟ್ಟೆಯನ್ನು ಬರಿಯ ನೀರಿನಲ್ಲಿ ಜಾಲಿಸಿ, ಮೇಲಂಚು ಮಡಿಸಿ ಹಗ್ಗಕ್ಕೆ ಹಾಕಿ, ಕ್ಲಿಪ್ಪು ಸಿಕ್ಕಿಸಿದಳು. "ಬಿಸಿಲಿಗೆ ಹಾಕಿದೀನಿ. ಇನ್ನು ನೀವು ಮಾಡೋ ಕೆಲ್ಸ ಒಂದೇ. ಸುಮ್ನಿರೋದು."

ಅಜ್ಜಿಯರ ವೀಡಿಯೊಗಳಲ್ಲಿ ಈ ಮದ್ದು ಇರಲಿಲ್ಲ. ವಾದಿರಾಜ ಕಷ್ಟಪಟ್ಟು ಸುಮ್ಮನಿದ್ದ, ಬಿಸಿಲು ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಗುರುವಾರ ಸಂಜೆ ಇಳಿಸಿ ನೋಡಿದರೆ ಅಂತರಪಟ ಮಲ್ಲಿಗೆಯಷ್ಟು ಬಿಳುಪು. ಮಡಿಸಿ ಸಿಕ್ಕಿಸಿದ್ದ ಮೇಲಂಚಿನಲ್ಲಿ ಮಾತ್ರ ಬಿಸಿಲು ತಾಕದೆ ತೆಳುವಾಗಿ ಹಳದಿ ಉಳಿದಿತ್ತು. "ಹಿಡ್ಕೊಳ್ಳೋರ ಕೈ ಕೆಳಗೆ ಹೋಗತ್ತೆ, ಯಾರಿಗೂ ಕಾಣಲ್ಲ" ಎಂದಳು ಮಾಧವಿ. ಆದರೂ ಮುಖದಲ್ಲಿ ನಗು ಇರಲಿಲ್ಲ. ನಾಳೆಯಿಂದ ಇದು ರಂಜಿನಿಯ ಬೀರುವಿಗೆ ತಾನೆ.

ಶುಕ್ರವಾರ ಚಾಮರಾಜಪೇಟೆಯ ಛತ್ರ ಜನರಿಂದ ಕಿಕ್ಕಿರಿದಿತ್ತು. ತೆರೆಯ ಒಂದು ತುದಿಯನ್ನು ಮನೆಯ ಹಿರಿಯ ಅಳಿಯನೇ ಹಿಡಿಯಬೇಕೆಂಬುದು ಆ ಮನೆಯ ಪದ್ಧತಿ. ಅದಿಲ್ಲದಿದ್ದರೆ ರಂಜಿನಿ ವಾದಿರಾಜನನ್ನು ಪಾರ್ಕಿಂಗ್ ನೋಡಿಕೊಳ್ಳಲು ಕಳಿಸುತ್ತಿದ್ದಳು. ಮದುವೆಗೆ ಬಂದಿದ್ದ ಮುನಿಯಮ್ಮ ಮಂಟಪದ ಪಕ್ಕ ಎಲೆ ಅಡಿಕೆ ಚೀಲ ಬಿಚ್ಚಿಕೊಂಡು ಕೂತಿದ್ದರು.

"ತೆರೆ ಹಿಡಿಯಾಕೆ ಹೆದ್ರಿಕೇನಾ ಐನೋರೆ? ಧೈರ್ಯಕ್ಕೆ ಒಂದೆಲೆ ಹಾಕ್ಕಳಿ" ಎಂದು ಎಲೆಯ ಜೊತೆ ಸುಣ್ಣದ ಡಬ್ಬಿ ಚಾಚಿದರು. ಡಬ್ಬಿ ಜಾರಿತು. ವಾದಿರಾಜ ಬೀಳದಂತೆ ಗಬಕ್ಕನೆ ಹಿಡಿದ. ನಾಲ್ಕು ಬೆರಳೂ ಸುಣ್ಣದಲ್ಲಿ ಹೂತವು.

"ಅಂತರಪಟ ಹಿಡಿಯೋರು ಎಲ್ರೀ? ಮುಹೂರ್ತ ಮೀರ್ತಾ ಇದೆ!" ಎಂದು ಪುರೋಹಿತರು ಕೂಗಿದರು. ವಾದಿರಾಜ ಕೈಯನ್ನು ಪಂಚೆಗೆ ಒರೆಸಿಕೊಂಡು ಓಡಿದ. ಬಿಳಿ ಪಂಚೆ, ಬಿಳಿ ಸುಣ್ಣ, ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡ.

ತೆರೆ ಏರಿತು. ಈ ಕಡೆ ಶರಣ್ಯ, ಆ ಕಡೆ ಮದುಮಗ ಆಕರ್ಷ. ಮಂಗಳಾಷ್ಟಕ ಶುರುವಾಯಿತು. ವಾದಿರಾಜ ತನ್ನ ಬೆರಳುಗಳ ಕಡೆ ನೋಡಿದ. ಮೇಲಂಚಿನಲ್ಲಿ, ಬೆರಳಿನ ಸುತ್ತ, ಕೆಂಪು ಮೆಲ್ಲನೆ ಹೊರಗೆ ಬರುತ್ತಿತ್ತು.

"ಸುಮುಹೂರ್ತೇ ಸಾವಧಾನ!" ಎಂದರು ಪುರೋಹಿತರು.

ತನಗೇ ಹೇಳಿದಂತಾಗಿ ವಾದಿರಾಜ ಇನ್ನೂ ಗಟ್ಟಿಯಾಗಿ ಹಿಡಿದ. ಗಟ್ಟಿಯಾಗಿ ಹಿಡಿದಷ್ಟೂ ಕೆಂಪು ಜಾಸ್ತಿಯಾಯಿತು. ಬಿಡುವಂತಿಲ್ಲ, ಬಿಟ್ಟರೆ ತೆರೆ ಬೀಳುತ್ತದೆ. ಎದುರಿಗೆ ನಿಂತ ಮಾಧವಿಗೆ ಅಷ್ಟರಲ್ಲಿ ಅದು ಕಂಡಿತ್ತು. ಅವಳು ಕಣ್ಣು ಮುಚ್ಚಿಕೊಂಡಳು. ನೋಡಿದವರು ಎಂಥ ಭಕ್ತಿ ಎಂದುಕೊಂಡರು.

ವಾದ್ಯ ಮೊಳಗಿತು. ತೆರೆ ಸರಿಯಿತು. ಹುಡುಗ ಹುಡುಗಿ ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ ಬೆಲ್ಲ ಹಾಕಿದರು. ಅಕ್ಷತೆಯ ಮಳೆ ನಿಲ್ಲುವ ಮೊದಲೇ ರಂಜಿನಿ ಓಡಿಬಂದು ತೆರೆಯನ್ನು ಕಸಿದುಕೊಂಡು ಮಡಿಸತೊಡಗಿದಳು. ಮಡಿಸುತ್ತ ಮಡಿಸುತ್ತ ಕಿಟಾರನೆ ಕಿರುಚಿದಳು.

"ಬೆರಳು! ರೀ, ಬೆರಳಿನ ಗುರುತು ಕಣ್ರೀ! ಬೆಳಿಗ್ಗೆ ನಾನೇ ನೋಡ್ದೆ, ಏನೂ ಇರ್ಲಿಲ್ಲ!"

ಛತ್ರವೇ ಮಂಟಪಕ್ಕೆ ನುಗ್ಗಿತು. ಬಿಳಿಯ ತೆರೆಯ ಅಂಚಿನಲ್ಲಿ ನಾಲ್ಕು ಬೆರಳು, ಕುಂಕುಮದಂತೆ ಕೆಂಪಗೆ, ಬಿಗಿಯಾಗಿ ಒತ್ತಿದ್ದವು. ಪ್ರಹ್ಲಾದ ಅವುಗಳನ್ನು ಮುಟ್ಟಿ ನೋಡಿದ. "ಅಮ್ಮ..." ಎಂದ. ಅಷ್ಟೇ ಸಾಕಾಯಿತು. ರಂಜಿನಿಯ ಮುಖದಲ್ಲಿ ರಕ್ತವಿರಲಿಲ್ಲ.

"ಅತ್ತೆ ಕಣ್ರೀ! ಬಿಡಲ್ಲ ಅಂತ ಹಿಡ್ಕೊಂಡಿದಾರೆ! ನಾನು ಕಿತ್ಕೋತೀನಿ ಅಂದಿದ್ದಕ್ಕೆ!" ಎಂದು ತೆರೆಯನ್ನು ಮಾಧವಿಯ ಕೈಗೆ ತುರುಕಿದಳು. "ಅಕ್ಕಾ, ನಿಮ್ಮ ದಮ್ಮಯ್ಯ, ಇದು ನಿಮ್ಮ ಹತ್ರಾನೇ ಇರ್ಲಿ. ನಮ್ಮ ಬೀರು ಇದಕ್ಕೆ ಸಣ್ಣದಾಗತ್ತೆ."

ವಾದಿರಾಜ ಬಲಗೈಯನ್ನು ಶಲ್ಯದೊಳಗೆ ಬಚ್ಚಿಟ್ಟುಕೊಂಡಿದ್ದ. ಆದರೆ ತಪ್ಪು ಕಂಡರೆ ತಿದ್ದದೆ ಇರಲಾರದ ನಾಲಿಗೆಯನ್ನು ಎಲ್ಲಿ ಬಚ್ಚಿಡುವುದು? "ಅಲ್ಲ ರಂಜಿನಿ, ಅದು ಅತ್ತೆಯವರಲ್ಲ, ಅರಿಶಿನಕ್ಕೆ..." ಎಂದು ಶುರುಮಾಡಿದ.

ಮಾಧವಿ ಬಟ್ಟಲಿನಲ್ಲಿ ಉಳಿದಿದ್ದ ಜೀರಿಗೆ ಬೆಲ್ಲವನ್ನಷ್ಟೂ ಬಾಚಿ ಗಂಡನ ಬಾಯಿಗೆ ತುಂಬಿದಳು. ಈ ವಯಸ್ಸಿನಲ್ಲೂ ಎಷ್ಟು ಅನ್ಯೋನ್ಯವಾಗಿದ್ದಾರೆ ಎಂದು ಹೆಂಗಸರೆಲ್ಲ ಮೆಚ್ಚಿಕೊಂಡರು. ಫೋಟೋದವನು ಅದನ್ನೂ ತೆಗೆದ.

ಸಂಜೆ ಆಟೋದಲ್ಲಿ ಮನೆಗೆ ಬರುವಾಗ ಅಂತರಪಟ ಮಾಧವಿಯ ಮಡಿಲಲ್ಲಿತ್ತು. ಅವಳು ಆ ಬೆರಳ ಗುರುತುಗಳ ಮೇಲೆ ಕೈಯಾಡಿಸಿ, ಎಷ್ಟೋ ದಿನಗಳ ಮೇಲೆ ನಕ್ಕಳು. "ಅಮ್ಮನ ಬೆರಳೂ ಹೀಗೇ ಮೊಂಡಾಗಿತ್ತು ಕಣ್ರೀ" ಎಂದಳು. ವಾದಿರಾಜನಿಗೆ ತುಂಬ ಖುಷಿಯಾಯಿತು. ಖುಷಿಯಾದರೆ ಅವನಿಗೆ ಮಾತು ಬರುತ್ತದೆ.

"ಮಾಧವಿ, ಇದಕ್ಕೆ ಒಂದೇ ಒಂದು ನಿಂಬೆಹಣ್ಣು ಹಿಂಡಿದ್ರೆ..."

ಮಾಧವಿ ಚೀಲಕ್ಕೆ ಕೈ ಹಾಕಿ, ಛತ್ರದಿಂದ ತಂದಿದ್ದ ಜೀರಿಗೆ ಬೆಲ್ಲದ ಪೊಟ್ಟಣ ಹೊರತೆಗೆದಳು. ವಾದಿರಾಜ ತಾನಾಗಿಯೇ ಬಾಯಿ ತೆರೆದ.